ಓದುಗರ ಪ್ರಶ್ನೆ: ಹದಿಹರೆಯದವರ ಆರೋಗ್ಯ ಕಾರ್ಯಕ್ರಮವನ್ನು ಅವರ ಕೈಗೇ ಕೊಡುವುದು ಹೇಗೆ?

ಕಾರ್ಯಕ್ರಮ ನಡೆಸುವವರಿಂದಲೂ ಹದಿಹರೆಯದವರಿಂದಲೂ ಬಂದ ಪತ್ರಗಳಲ್ಲಿ ಒಂದೇ ಕೊರಗು ಮತ್ತೆ ಮತ್ತೆ ಕಾಣಿಸಿತು. ಆರೋಗ್ಯದ ಕೆಲಸಕ್ಕೆ ಎಳೆಯರನ್ನು ಕರೆಯುತ್ತೇವೆ, ಅವರು ಬರುತ್ತಾರೆ, ಆಮೇಲೆ ಏನೂ ಬದಲಾಗುವುದಿಲ್ಲ. ಈ ಸಲದ ಅಂಕಣವನ್ನು ಆ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇವೆ. ಹದಿಹರೆಯ ಎಂದಾಗ ನಮ್ಮ ಲೆಕ್ಕ ವಿಶ್ವ ಆರೋಗ್ಯ ಸಂಸ್ಥೆಯದು: 10ರಿಂದ 19 ವರ್ಷ.

ಪ್ರಶ್ನೆ: ನಮ್ಮ ಆರೋಗ್ಯ ಸಮಿತಿಯಲ್ಲಿ 14 ಸದಸ್ಯರು. ಅವರಲ್ಲಿ ಇಬ್ಬರು 16–17ರ ಪ್ರಾಯದವರು. ಆರು ತಿಂಗಳಲ್ಲಿ ಅವರಿಬ್ಬರೂ ಬಾಯಿಬಿಟ್ಟದ್ದು ತಮ್ಮ ಹೆಸರು ಹೇಳುವಾಗ ಮಾತ್ರ. ಆಸಕ್ತಿ ಇಲ್ಲವೆಂದು ಕೈಬಿಡಬೇಕೆ?
– ಸಮಿತಿಯ ಕಾರ್ಯದರ್ಶಿ

ಬಿಡಬೇಡಿ. ಆ ಇಬ್ಬರ ಸ್ವಭಾವಕ್ಕಿಂತ ಮೊದಲು ಸಭೆಯ ಸ್ವಭಾವವನ್ನು ನೋಡಿ. ಕಾರ್ಯಸೂಚಿ ಅವರ ಕೈಸೇರುವುದು ಸಭೆ ಶುರುವಾದ ಮೇಲೆ. ಅದರ ಭಾಷೆ ಸುತ್ತೋಲೆಯ ಭಾಷೆ. ಎದುರಿಗೆ ಕೂತಿರುವವರು ಎಷ್ಟೋ ಸಲ ಅವರಿಗೆ ಅಂಕ ಹಾಕುವ ಶಿಕ್ಷಕರೇ. ಮುಖ್ಯ ತೀರ್ಮಾನಗಳು ಹಿರಿಯರ ನಡುವೆ ಫೋನಿನಲ್ಲೇ ಮುಗಿದಿದ್ದು, ಸಭೆಯಲ್ಲಿ ನಡೆಯುವುದು ಮುದ್ರೆ ಒತ್ತುವ ಕೆಲಸವಷ್ಟೇ. ಹದಿನಾರರ ಮಕ್ಕಳು ಇದನ್ನು ಎರಡನೆಯ ಸಭೆಗೇ ಗ್ರಹಿಸಿಬಿಡುತ್ತಾರೆ.

1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಸಂಶೋಧಕ ರೋಜರ್ ಹಾರ್ಟ್ ಮಕ್ಕಳ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದರು. ದೊಡ್ಡವರ ಮಾತನ್ನು ಮಕ್ಕಳ ಬಾಯಲ್ಲಿ ಹೇಳಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಕೂರಿಸುವುದು: ಕೆಳಗಿನ ಈ 3 ಮೆಟ್ಟಿಲುಗಳನ್ನು ಅವರು ಪಾಲ್ಗೊಳ್ಳುವಿಕೆ ಎಂದೇ ಒಪ್ಪಲಿಲ್ಲ. ನಿಮ್ಮ ಸಮಿತಿ ಈಗ ಆ ಮೂರನೆಯದರ ಮೇಲೆ ನಿಂತಿದೆ. ಮಕ್ಕಳ ಹಕ್ಕುಗಳ ಕುರಿತ 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೇ ವಿಧಿಯು ತಮಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನಷ್ಟೇ ಅಲ್ಲ, ಆ ಅಭಿಪ್ರಾಯಕ್ಕೆ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ತೂಕ ಸಿಗುವ ಹಕ್ಕನ್ನೂ ಕೊಟ್ಟಿದೆ. ಈ ಎರಡನೆಯ ಭಾಗವೇ ಸಭೆಗಳಲ್ಲಿ ತಪ್ಪಿಹೋಗುವುದು.

ಮುಂದಿನ ಸಭೆಗೆ ಹೀಗೆ ಮಾಡಿ. ಇಬ್ಬರನ್ನು ನಾಲ್ವರಾಗಿಸಿ. ಹನ್ನೆರಡು ಹಿರಿಯರ ನಡುವೆ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡು ಸುಮ್ಮನಾಗುತ್ತಾರೆ. ನಾಲ್ವರಿದ್ದರೆ ಒಬ್ಬರಾದರೂ ಶುರುಮಾಡುತ್ತಾರೆ, ಉಳಿದವರು ಜೊತೆಗೂಡುತ್ತಾರೆ. ಕಾರ್ಯಸೂಚಿಯನ್ನು ಆಡುಮಾತಿನಲ್ಲಿ ಒಂದೇ ಪುಟಕ್ಕಿಳಿಸಿ 3 ದಿನ ಮೊದಲೇ ಕಳಿಸಿ. ಸಭೆಯ ಹಿಂದಿನ ದಿನ ಅವರ ಜೊತೆ ಒಂದು ಗಂಟೆ ಪೂರ್ವಸಭೆ ಇರಲಿ. ಪ್ರತಿ ಅಂಶಕ್ಕೂ "ಇದರಲ್ಲಿ ತೀರ್ಮಾನಕ್ಕೆ ಉಳಿದಿರುವುದೇನು, ನಿಮಗೇನು ಅನ್ನಿಸುತ್ತದೆ" ಎಂಬ ಎರಡೇ ಪ್ರಶ್ನೆ ಸಾಕು. ಅವರ ಅಂಶ ಪಟ್ಟಿಯಲ್ಲಿ ಮೊದಲನೆಯದಾಗಿರಲಿ, ಕೊನೆಯ ಐದು ನಿಮಿಷಕ್ಕೆ ಬೀಳದಿರಲಿ. ಚರ್ಚೆಗೆ ಮೂವರು ಮೂವರ ಗುಂಪು ಮಾಡಿ 10 ನಿಮಿಷ ಕೊಡಿ, ಅಧ್ಯಕ್ಷರು ಕೊನೆಗೆ ಮಾತಾಡಲಿ. ಅಧ್ಯಕ್ಷರ ಅಭಿಪ್ರಾಯ ಮೊದಲೇ ಬಂದುಬಿಟ್ಟರೆ ಆಮೇಲೆ ಯಾರೂ ಬೇರೆ ಮಾತಾಡುವುದಿಲ್ಲ, ಹಿರಿಯ ಸದಸ್ಯರೂ ಸಹ.

ಎಲ್ಲಕ್ಕಿಂತ ಮುಖ್ಯವಾದದ್ದು ಅನುಪಾಲನಾ ವರದಿ. ಅವರು ಕೊಟ್ಟ ಪ್ರತಿ ಸಲಹೆಯ ಎದುರು "ಆಯಿತು", "ಇಂಥ ದಿನಕ್ಕೆ ಆಗುತ್ತದೆ", "ಆಗುವುದಿಲ್ಲ, ಕಾರಣ ಇದು" ಎಂಬ ಮೂರರಲ್ಲಿ ಒಂದನ್ನು ಬರೆದು 30 ದಿನದೊಳಗೆ ಅವರಿಗೇ ತಲುಪಿಸಿ. ಕಾರಣ ಹೇಳಿ ಒಪ್ಪದಿದ್ದರೆ ಅವರು ಬೇಸರಪಡುವುದಿಲ್ಲ. ಉತ್ತರವೇ ಬಾರದಿದ್ದರೆ ಮೂರನೆಯ ಸಭೆಗೆ ಬರುವುದನ್ನು ನಿಲ್ಲಿಸುತ್ತಾರೆ.

ಪ್ರಶ್ನೆ: ಯುವ ಪ್ರತಿನಿಧಿಗಳನ್ನು ಕಳಿಸಿ ಎಂದು ಶಾಲೆಗಳಿಗೆ ಬರೆದರೆ ಪ್ರತಿ ಸಲ ತರಗತಿಯ ಮೊದಲ ರ‍್ಯಾಂಕಿನವರೇ ಬರುತ್ತಾರೆ. ಬೇರೆಯವರನ್ನು ಹುಡುಕುವುದೆಲ್ಲಿ?
– ಆರೋಗ್ಯ ಕಾರ್ಯಕರ್ತೆ

ಶಾಲೆಯನ್ನು ಕೇಳಿದರೆ ಶಾಲೆ ತನಗೆ ಹೆಮ್ಮೆ ತರುವವರನ್ನು ಕಳಿಸುತ್ತದೆ, ಅದು ಸಹಜ. ನಿಮಗೆ ಬೇಕಾದವರು ಯಾರೆಂಬುದನ್ನು ನೀವೇ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. 12 ಜನರ ಗುಂಪು ಅನುಕೂಲ. ಅದಕ್ಕಿಂತ ದೊಡ್ಡದಾದರೆ ನಾಲ್ಕೈದು ಮಂದಿ ಮಾತ್ರ ಮಾತಾಡುತ್ತಾರೆ. ಹನ್ನೆರಡರಲ್ಲಿ ಹುಡುಗ ಹುಡುಗಿಯರು ಸಮವಾಗಿರಲಿ, ಶಾಲೆ ಬಿಟ್ಟವರು ಕನಿಷ್ಠ ಮೂವರು, ದುಡಿಮೆಗೆ ಹೋಗುವವರು ಇಬ್ಬರು, ಅಂಗವೈಕಲ್ಯವಿರುವವರು ಒಬ್ಬರಿಗಿಂತ ಹೆಚ್ಚು, ಬೇಗ ಮದುವೆಯಾದ ಅಥವಾ ತಾಯಿಯಾದ ಹುಡುಗಿ ಒಬ್ಬಳಾದರೂ ಇರಲಿ. ಆರೋಗ್ಯ ಸೇವೆ ಹೆಚ್ಚು ಬೇಕಾಗಿದ್ದೂ ಕಡಿಮೆ ಸಿಗುವುದು ಇವರಿಗೇ. ಇವರಿಲ್ಲದೆ ರೂಪಿಸಿದ ಕಾರ್ಯಕ್ರಮ ಬೆಳಗಿನ ಹೊತ್ತು ಬಿಡುವಿರುವ, ಓದು ಬಲ್ಲ ಮಕ್ಕಳಿಗೆ ಮಾತ್ರ ಒಗ್ಗುತ್ತದೆ.

ಹುಡುಕಬೇಕಾದದ್ದು ಅವರು ಇರುವಲ್ಲಿ: ಕೆಲಸದ ಜಾಗ, ಆಟದ ಬಯಲು, ಲಸಿಕೆ ಹಾಕಿಸಲು ಮಗುವನ್ನು ಎತ್ತಿಕೊಂಡು ಬರುವ ಸಾಲು. ಅರ್ಜಿ ನಮೂನೆ ಬೇಡ, ಹತ್ತು ನಿಮಿಷದ ಮಾತುಕತೆ ಸಾಕು. ಭಾಷಣ ಮಾಡಬಲ್ಲವರನ್ನು ಆರಿಸುವ ಚಪಲವನ್ನು ತಡೆದುಕೊಳ್ಳಿ. ಗೆಳೆಯರು ಕಷ್ಟ ಬಂದಾಗ ಯಾರ ಹತ್ತಿರ ಹೋಗುತ್ತಾರೆ ಎಂದು ಅವರವರನ್ನೇ ಕೇಳಿದರೆ ಎರಡು ಮೂರು ಹೆಸರು ಪದೇ ಪದೇ ಬರುತ್ತವೆ. ಅವರೇ ನಿಮಗೆ ಬೇಕಾದವರು.

ಪ್ರಶ್ನೆ: ಮುಟ್ಟು, ರಕ್ತಹೀನತೆ, ಮಾನಸಿಕ ಆರೋಗ್ಯ ಮೂರನ್ನೂ ಸೇರಿಸಿ ಒಂದು ವರ್ಷದ ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಯೋಜನೆ ಸಿದ್ಧವಾಗಿದೆ. ಈಗ ಯುವಜನರನ್ನು ಯಾವ ಹಂತದಲ್ಲಿ ಒಳಗೆ ತರಬೇಕು?
– ಸಂಸ್ಥೆಯೊಂದರ ಸಂಯೋಜಕರು

ಯೋಜನೆ ಸಿದ್ಧವಾಗಿದೆ ಎಂದ ಮೇಲೆ ಅವರಿಗೆ ಉಳಿಯುವುದು ಪೋಸ್ಟರ್‌ಗೆ ಬಣ್ಣ ಹಚ್ಚುವ ಕೆಲಸ. ಸಾಧ್ಯವಿದ್ದರೆ ಯೋಜನೆಯನ್ನು ಎರಡು ತಿಂಗಳು ಮಡಚಿಡಿ. ಅನುದಾನದ ಷರತ್ತಿನಿಂದ ಅದಾಗದಿದ್ದರೆ, ಯಾವುದು ಬದಲಾಗದು ಮತ್ತು ಯಾವುದು ಬದಲಾಗಬಹುದು ಎಂದು ಎರಡು ಪಟ್ಟಿ ಮಾಡಿ ಮೊದಲ ದಿನವೇ ಅವರ ಮುಂದಿಡಿ. ಮೂರು ವಿಷಯಗಳು ಮೊದಲೇ ನಿಗದಿಯಾದವು, ಬದಲಾಗವು. ಆದರೆ ಎಲ್ಲಿ, ಯಾವ ಹೊತ್ತಿಗೆ, ಯಾರಿಂದ, ಯಾವ ಮಾತಿನಲ್ಲಿ ಎಂಬುದೆಲ್ಲ ತೆರೆದಿದೆ ಎಂದಾದರೆ ಅದೂ ಸಾಕಷ್ಟು ದೊಡ್ಡ ಜಾಗವೇ. ತೆರೆದಿಲ್ಲದ್ದನ್ನು ತೆರೆದಿದೆ ಎಂದು ತೋರಿಸಿದರೆ ಮಾತ್ರ ನಂಬಿಕೆ ಮುರಿಯುತ್ತದೆ.

ಮೊದಲ ಎರಡು ವಾರ ಸಮಸ್ಯೆ ಅರಿಯುವುದಕ್ಕೆ. 10–14ರವರನ್ನೂ 15–19ರವರನ್ನೂ ಬೇರೆ ಕೂರಿಸಿ, ಪ್ರತಿಯೊಂದರಲ್ಲೂ ಹುಡುಗರು ಹುಡುಗಿಯರು ಬೇರೆ. ಗುಂಪಿಗೆ ಐದಾರು ಮಂದಿ, ಒಟ್ಟು 90 ನಿಮಿಷ. ದೊಡ್ಡ ಹಾಳೆಯ ಮೇಲೆ ತಾವು ದಿನವೂ ಓಡಾಡುವ ಜಾಗಗಳ ನಕ್ಷೆ ಬರೆಯಲಿ. ಎಲ್ಲಿ ನೆಮ್ಮದಿ, ಎಲ್ಲಿ ಭಯ, ಹುಷಾರಿಲ್ಲದಾಗ ಎಲ್ಲಿಗೆ ಹೋಗುತ್ತೀರಿ, ಎಲ್ಲಿಗೆ ಹೋಗುವುದಿಲ್ಲ ಎಂದು ಗುರುತಿಸಲಿ. ಆರೋಗ್ಯ ಕೇಂದ್ರಕ್ಕೆ ಹೋಗದಿರಲು ದೂರ ಕಾರಣವೆಂದು ನಾವು ಊಹಿಸಿರುತ್ತೇವೆ. ನಕ್ಷೆಯಲ್ಲಿ ಕಾಣುವುದು ಚೀಟಿ ಮಾಡಿಸುವ ಕಿಟಕಿಯ ಮುಂದೆ ಎಲ್ಲರಿಗೂ ಕೇಳುವಂತೆ ಕಾಯಿಲೆ ಹೇಳಬೇಕಾದ ಮುಜುಗರ ಇರಬಹುದು.

ಈ ಹಂತದಲ್ಲಿ ಆಗುವ ದೊಡ್ಡ ತಪ್ಪೆಂದರೆ "ನಿನಗೆ ಹೀಗಾಗಿದೆಯಾ" ಎಂದು ಗುಂಪಿನಲ್ಲಿ ಕೇಳುವುದು. ಯಾರದೋ ಸ್ವಂತ ನೋವು ಎಲ್ಲರೆದುರು ಹೊರಬಂದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. "ನಿಮ್ಮ ಪ್ರಾಯದ ಒಬ್ಬ ಹುಡುಗಿಗೆ ತಿಂಗಳ ಮುಟ್ಟಿನಲ್ಲಿ ತಡೆಯಲಾಗದ ನೋವು ಬರುತ್ತದೆ. ಅವಳು ಮೊದಲು ಯಾರಿಗೆ ಹೇಳುತ್ತಾಳೆ? ಯಾರಿಗೆ ಹೇಳುವುದಿಲ್ಲ?" ಎಂದು ಮೂರನೆಯವರ ಕಥೆಯಾಗಿ ಕೇಳಿ. ಉತ್ತರ ಅಷ್ಟೇ ನಿಜವಾಗಿರುತ್ತದೆ, ಯಾರೂ ಬೆತ್ತಲಾಗುವುದಿಲ್ಲ.

ಆದ್ಯತೆ ಆರಿಸುವಾಗ ಕೈ ಎತ್ತಿಸಬೇಡಿ. ಎಲ್ಲರೂ ಗಟ್ಟಿಗರ ಕೈ ನೋಡಿ ತಮ್ಮ ಕೈ ಎತ್ತುತ್ತಾರೆ. ಪ್ರತಿ ಸಮಸ್ಯೆಗೊಂದು ಮುಚ್ಚಿದ ಡಬ್ಬಿ, ಒಬ್ಬೊಬ್ಬರಿಗೆ 3 ಕಾಳು, ಒಬ್ಬರಾದ ಮೇಲೆ ಒಬ್ಬರು ಮರೆಯಲ್ಲಿ ಹೋಗಿ ಹಾಕಿ ಬರಲಿ. ಎಣಿಕೆಯನ್ನು ಎಲ್ಲರ ಎದುರು ಮಾಡಿ. ಹುಡುಗರ ಡಬ್ಬಿಗೂ ಹುಡುಗಿಯರ ಡಬ್ಬಿಗೂ ವ್ಯತ್ಯಾಸ ಬಂದರೆ ಕೂಡಿಸಿ ಸರಾಸರಿ ಮಾಡಬೇಡಿ. ಆ ವ್ಯತ್ಯಾಸದಲ್ಲೇ ನೀವು ತಿಳಿಯಬೇಕಾದದ್ದಿದೆ.

ಮೂರನೆಯ ವಾರದಿಂದ ಪರಿಹಾರ. ಪ್ರತಿ ಗುಂಪು ಒಂದು ಚಿಕ್ಕ ಮಾದರಿ ಮಾಡಲಿ: ಕಬ್ಬಿಣಾಂಶದ ಮಾತ್ರೆ ಕೊಡುವ ಹೊತ್ತಿನ ಹೊಸ ವೇಳಾಪಟ್ಟಿ, ಕೌನ್ಸೆಲರ್ ಭೇಟಿಗೆ ಹೆಸರಿಲ್ಲದ ಸಂಖ್ಯೆಯ ಚೀಟಿ, ಪ್ಯಾಡ್ ಇಡುವ ಜಾಗದ ಗುರುತು, ಹೀಗೆ. ಅದನ್ನು ಒಂದೇ ಕಡೆ 2 ವಾರ ನಡೆಸಿ ನೋಡಿ. ಮಾತ್ರೆಯ ವಿಷಯದಲ್ಲಿ ಎಳೆಯರು ಸುಲಭವಾಗಿ ಹಿಡಿಯುವ ಒಂದು ತೊಂದರೆ ದೊಡ್ಡವರ ಕಣ್ಣಿಗೆ ಬೀಳುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದವರಿಗೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಹೆದರಿ ಮರುವಾರ ಬಾಯಲ್ಲಿಟ್ಟುಕೊಂಡು ಹೊರಗೆ ಹೋಗಿ ಉಗುಳುತ್ತಾರೆ. ಊಟವಾದ ಮೇಲೆ ಕೊಡುವುದು, ಮಲದ ಬಣ್ಣ ಬದಲಾಗುವುದು ಅಪಾಯವಲ್ಲವೆಂದು ಮೊದಲೇ ಹೇಳುವುದು, ಇವೆರಡೂ ಅವರ ಬಾಯಿಂದಲೇ ಬಂದಾಗ ಉಳಿದವರು ನಂಬುತ್ತಾರೆ. ಆದರೆ ಮಾತ್ರೆಯ ಪ್ರಮಾಣ, ಯಾರಿಗೆ ಕೊಡಬಾರದು ಎಂಬುದು ವೈದ್ಯರ ತೀರ್ಮಾನ. ಅದನ್ನು ಮತಕ್ಕೆ ಹಾಕುವಂತಿಲ್ಲ. ಆ ಗೆರೆ ಎಲ್ಲಿದೆ ಎಂದು ಮೊದಲೇ ಹೇಳಿಬಿಡಿ.

ಕೊನೆಗೆ ಹಣ. ಕಾರ್ಯಕ್ರಮದ ಆಯವ್ಯಯದಲ್ಲಿ ಒಂದು ಭಾಗ, ನೂರಕ್ಕೆ ಹತ್ತಾದರೂ, ಯುವ ಗುಂಪಿನ ಠರಾವಿನಿಂದ ಮಾತ್ರ ಖರ್ಚಾಗುವಂತೆ ಇಡಿ. ಹಿರಿಯರೊಬ್ಬರು ಲೆಕ್ಕ ನೋಡಲಿ, ತೀರ್ಮಾನ ಗುಂಪಿನದೇ ಆಗಿರಲಿ. ಹಣದ ಮೇಲೆ ಮಾತಿಲ್ಲದವರ ಮುಂದಾಳ್ತನ ಹೆಚ್ಚು ದಿನ ಬಾಳದು.

ಪ್ರಶ್ನೆ: ನನಗೆ 17. ನಮ್ಮ ಶಾಲೆಯ ಆರೋಗ್ಯ ಗುಂಪಿನಲ್ಲಿ ಓರಗೆಯವರಿಗೆ ತಿಳಿವಳಿಕೆ ಕೊಡುವ ಪೀರ್ ಎಜುಕೇಟರ್ ಆಗಿದ್ದೇನೆ. ಐದು ದಿನದ ಹಿಂದೆ ಒಬ್ಬಳು ಗೆಳತಿ ಸತ್ತುಹೋಗಬೇಕು ಅನ್ನಿಸುತ್ತಿದೆ ಎಂದಳು, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು. ಗುಟ್ಟು ಕಾಪಾಡಬೇಕು ಎಂದು ತರಬೇತಿಯಲ್ಲಿ ಹೇಳಿದ್ದಾರೆ. ಏನು ಮಾಡಲಿ?
– ಹೆಸರು ಬೇಡ

ಇವತ್ತೇ ಹೇಳಿ. ಈ ಅಂಕಣ ಓದಿ ಮುಗಿಸುವ ಮೊದಲೇ ಎದ್ದು ಹೋಗಿ ಹೇಳಿದರೂ ಸರಿಯೇ. ಜೀವಕ್ಕೆ ಅಪಾಯವಿರುವ ಮಾತು ಕಾಪಾಡಬೇಕಾದ ಗುಟ್ಟಲ್ಲ. ಆಣೆ ಮುರಿದ ಪಾಪ ನಿಮಗೆ ತಟ್ಟುವುದಿಲ್ಲ.

ಮೊದಲು ಅವಳಿಗೇ ಹೇಳಿ: "ನೀನು ನನಗೆ ಬೇಕು. ಇದನ್ನು ನಾನೊಬ್ಬಳೇ ಇಟ್ಟುಕೊಳ್ಳಲಾರೆ. ಕೌನ್ಸೆಲರ್ ಹತ್ತಿರ ಹೋಗೋಣ, ನಾನು ಜೊತೆಗಿರುತ್ತೇನೆ." ಬಂದರೆ ಕರೆದುಕೊಂಡು ಹೋಗಿ, ಬಾರದಿದ್ದರೆ ನೀವೊಬ್ಬರೇ ಹೋಗಿ ಹೇಳಿ. ಕೌನ್ಸೆಲರ್, ನರ್ಸ್, ನಂಬುವ ಶಿಕ್ಷಕಿ, ಯಾರಾದರೂ ಸರಿ. ಒಬ್ಬರು ಹಗುರವಾಗಿ ತೆಗೆದುಕೊಂಡರೆ ಇನ್ನೊಬ್ಬರಿಗೆ ಹೇಳಿ. ಸಾಯುವ ಯೋಚನೆ ಈಗಲೂ ಇದೆಯಾ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಸಲ ಎದೆ ಹಗುರಾಗುತ್ತದೆ. ಯಾವಾಗ, ಹೇಗೆ ಎಂದು ಅವಳು ಯೋಚಿಸಿಟ್ಟಿದ್ದರೆ ಒಬ್ಬಳನ್ನೇ ಬಿಡಬೇಡಿ. ದೊಡ್ಡವರು ಬರುವವರೆಗೆ ಜೊತೆಗಿರಿ, ಆಂಬುಲೆನ್ಸ್ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ತಿಳಿಸಲು ಹೇಳಿ. ಹೇಳಿದ ಮೇಲೆ ನಿಮ್ಮ ಕೆಲಸ ಗೆಳತಿಯಾಗಿರುವುದು ಮಾತ್ರ. ಅವಳನ್ನು ಉಳಿಸುವ ಹೊಣೆ ನಿಮ್ಮೊಬ್ಬರ ಹೆಗಲಿಗೆ ಸೇರಿದ್ದಲ್ಲ. ಐದು ದಿನ ನೀವು ಹೊತ್ತಿರುವ ಭಾರದ ಬಗ್ಗೆಯೂ ಕೌನ್ಸೆಲರ್ ಹತ್ತಿರ ಮಾತಾಡಿ.

ಇಂಥ ತರಬೇತಿ ಕೊಡುವವರಿಗೂ ಒಂದು ಮಾತು. ಗುಟ್ಟಿನ ಪಾಠದ ಜೊತೆಗೇ ಅದರ ಮಿತಿಯನ್ನೂ ಕಲಿಸಲೇಬೇಕು. ಸಾಯುವ ಯೋಚನೆ, ಲೈಂಗಿಕ ಅಥವಾ ದೈಹಿಕ ದೌರ್ಜನ್ಯ, ಬೇರೊಬ್ಬರ ಜೀವಕ್ಕೆ ಅಪಾಯ: ಈ ಮೂರರಲ್ಲಿ ಯಾವುದಿದ್ದರೂ ಅದೇ ದಿನ ಹಿರಿಯರಿಗೆ ಹೇಳಬೇಕು. ಯಾರಿಗೆ ಎಂಬ ಹೆಸರೂ ಫೋನ್ ಸಂಖ್ಯೆಯೂ ಪ್ರತಿ ಮಗುವಿನ ಕೈಯಲ್ಲಿರಬೇಕು, ಆ ವ್ಯಕ್ತಿ ರಜೆಯಲ್ಲಿದ್ದಾಗ ಎರಡನೆಯ ಹೆಸರೂ. ಈ ಮಿತಿಯನ್ನು ಪೀರ್ ಎಜುಕೇಟರ್ ಮಾತುಕತೆ ಶುರುಮಾಡುವ ಮೊದಲೇ ಗೆಳೆಯರಿಗೆ ಹೇಳಿದರೆ ಆಣೆಯ ಪ್ರಶ್ನೆಯೇ ಬರುವುದಿಲ್ಲ.

ಪ್ರಶ್ನೆ: ಮನೆಯವರು ಒಪ್ಪುವುದಿಲ್ಲ. "ಇದೆಲ್ಲ ಮಕ್ಕಳಿಗೆ ಯಾಕೆ" ಎನ್ನುತ್ತಾರೆ.
– ಶಿಕ್ಷಕಿ

ಒಪ್ಪಿಗೆ ಪತ್ರವನ್ನು ಮಗುವಿನ ಕೈಯಲ್ಲಿ ಕಳಿಸಿ ಸಹಿಗೆ ಕಾಯುವುದೇ ತಪ್ಪು ಆರಂಭ. ಪೋಷಕರ ಜೊತೆ ಮೊದಲ ಸಭೆ ಮಕ್ಕಳ ಸಭೆಗಿಂತ ಮುಂಚೆಯೇ ಆಗಲಿ. ಯಾವ ವಿಷಯ, ಯಾರು ಕಲಿಸುತ್ತಾರೆ, ಎಷ್ಟು ಹೊತ್ತು, ಮನೆಗೆ ಹೇಗೆ ಹಿಂದಿರುಗುತ್ತಾರೆ ಎಂದು ಹೇಳಿ, ಬಳಸುವ ಚಿತ್ರಗಳನ್ನೂ ತೋರಿಸಿ. ಆತಂಕದ ಬೇರು ಎಷ್ಟೋ ಸಲ ವಿಷಯದಲ್ಲಿಲ್ಲ, ಸಂಜೆ ಹೊತ್ತಾಗುವುದರಲ್ಲಿದೆ. 18 ತುಂಬದವರಿಗೆ ಪೋಷಕರ ಒಪ್ಪಿಗೆ ಎಲ್ಲಿ ಬೇಕು ಎಂಬುದು ಆಯಾ ಕಾನೂನಿಗೆ ಬಿಟ್ಟದ್ದು. ಆದರೆ ಮಗುವಿನ ಸ್ವಂತ ಒಪ್ಪಿಗೆ ಎಲ್ಲ ಕಡೆಯೂ ಬೇಕು. ಅಪ್ಪ ಅಮ್ಮ ಸಹಿ ಹಾಕಿದರೂ ಮಗು ಬೇಡವೆಂದರೆ ಬೇಡ.

ಪ್ರಶ್ನೆ: ಆರೋಗ್ಯ ಕೇಂದ್ರದಲ್ಲಿ ತಮ್ಮನ್ನು ಹೇಗೆ ನಡೆಸಿಕೊಳ್ಳುತ್ತಾರೆಂದು ಯುವಜನರೇ ಗುಟ್ಟಾಗಿ ಹೋಗಿ ನೋಡಿ ಬರಬಹುದೆ?
– ಕೇಂದ್ರದ ನರ್ಸ್

ಬರಬಹುದು, ಬಹಳ ಉಪಯುಕ್ತ ವಿಧಾನ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರತಂದ ಹದಿಹರೆಯದವರ ಸೇವಾ ಗುಣಮಟ್ಟದ 8 ಮಾನದಂಡಗಳಲ್ಲಿ ಎಂಟನೆಯದು ಸೇವೆಯ ಯೋಜನೆ ಮತ್ತು ಪರಿಶೀಲನೆಯಲ್ಲಿ ಅವರದೇ ಪಾಲ್ಗೊಳ್ಳುವಿಕೆ. ಆದರೆ ಅಜಾಗರೂಕತೆಯಿಂದ ಮಾಡಿದರೆ ಸಿಬ್ಬಂದಿಗೂ ಮಕ್ಕಳಿಗೂ ಪೆಟ್ಟು ಬೀಳುತ್ತದೆ.

ಬರುವ ಮೂರು ತಿಂಗಳಲ್ಲಿ ಇಂಥ ಭೇಟಿ ನಡೆಯುತ್ತದೆ ಎಂದು ಸಿಬ್ಬಂದಿಗೆ ಮೊದಲೇ ತಿಳಿಸಿ, ದಿನ ಹೇಳಬೇಡಿ. ಹೋಗುವವರು 18 ದಾಟಿದ, ನೋಡಲು ಎಳೆಯರಂತಿರುವವರಾದರೆ ಒಳ್ಳೆಯದು. ಜೋಡಿಯಾಗಿ ಹೋಗಲಿ. ಹೇಳಬೇಕಾದ ಕಥೆಯನ್ನು ಮೂರು ಸಲ ಅಭ್ಯಾಸ ಮಾಡಿರಲಿ, ಮೈ ಮುಟ್ಟಿ ಪರೀಕ್ಷೆ, ರಕ್ತ, ಇಂಜೆಕ್ಷನ್ ಎಂದರೆ "ಇನ್ನೊಂದು ದಿನ ಬರುತ್ತೇವೆ" ಎಂದು ಹೊರಡುವ ಮಾತು ಬಾಯಿಪಾಠವಾಗಿರಲಿ. ಜನದಟ್ಟಣೆಯ ಹೊತ್ತಿಗೆ ಹೋಗಿ ನಿಜವಾದ ರೋಗಿಯ ಸಮಯ ತಿನ್ನಬಾರದು. ಹೌದು, ಇಲ್ಲ ಎಂಬ 10–12 ಪ್ರಶ್ನೆಗಳ ಪಟ್ಟಿಯನ್ನು ಒಂದು ಗಂಟೆಯೊಳಗೆ ತುಂಬಲಿ. ಬಾಗಿಲು ಮುಚ್ಚಿದ್ದರೇ? ಬೇರೆಯವರಿಗೆ ಮಾತು ಕೇಳುತ್ತಿತ್ತೇ? ಮದುವೆಯ ಬಗ್ಗೆ ಅನಗತ್ಯವಾಗಿ ಕೇಳಿದರೇ? ಪಟ್ಟಿ ತುಂಬುವುದು ಸಂಜೆಯಾದರೆ ನೆನಪಿನ ಬದಲು ಅಭಿಪ್ರಾಯ ಬರೆಯುತ್ತಾರೆ. ಮೂರು ಭೇಟಿಯಾದರೂ ಆದ ಮೇಲೆ ಒಟ್ಟಾಗಿಸಿದ ವರದಿಯನ್ನು ಕೊಡಿ, ಯಾವ ಸಿಬ್ಬಂದಿಯ ಹೆಸರೂ ಅದರಲ್ಲಿರಬಾರದು. ಇದು ಶಿಕ್ಷೆಯ ದಾರಿ ಎಂದು ಒಮ್ಮೆ ಅನ್ನಿಸಿದರೆ ಆ ಕೇಂದ್ರ ಮತ್ತೆ ನಿಮಗೆ ಬಾಗಿಲು ತೆರೆಯುವುದಿಲ್ಲ.

ಪ್ರಶ್ನೆ: ಗೌರವಧನ ಕೊಟ್ಟರೆ ಸೇವಾಭಾವ ಹೋಗುವುದಿಲ್ಲವೇ?
– ನಿವೃತ್ತ ಅಧಿಕಾರಿ

ಅದೇ ಸಭೆಯ ತಜ್ಞರಿಗೆ ಭತ್ಯೆ ಕೊಡುತ್ತೇವೆ, ಅವರ ಸೇವಾಭಾವದ ಬಗ್ಗೆ ಯಾರೂ ಚಿಂತಿಸುವುದಿಲ್ಲ. ಬಸ್ಸಿನ ಖರ್ಚು, ಊಟ, ಫೋನಿನ ಡೇಟಾ, ದುಡಿಯುವವರಿಗೆ ಆ ದಿನದ ಕೂಲಿ, ಇವಿಷ್ಟು ಕನಿಷ್ಠ. ಅದೂ ಸಭೆಯ ದಿನವೇ ಕೈಗೆ ಬರಬೇಕು. ಬಿಲ್ಲು ಕೊಟ್ಟು ಮೂರು ತಿಂಗಳು ಕಾಯುವ ಪದ್ಧತಿಯಲ್ಲಿ ಮೊದಲು ಬಿಟ್ಟುಹೋಗುವವರು ಬಡವರ ಮನೆಯ ಮಕ್ಕಳು.

ಪ್ರಶ್ನೆ: 60 ಪೀರ್ ಎಜುಕೇಟರ್‌ಗಳಿಗೆ ಮೂರು ದಿನದ ತರಬೇತಿ ಕೊಟ್ಟೆವು. ವರ್ಷದ ಕೊನೆಗೆ ಏನೂ ಬದಲಾದಂತಿಲ್ಲ. ತಪ್ಪಿದ್ದೆಲ್ಲಿ?
– ಯೋಜನಾ ಅಧಿಕಾರಿ

ಪೀರ್ ಎಜುಕೇಟರ್‌ಗಳ ಮೇಲೆ ಅವರಿಗೆ ಮೀರಿದ ನಿರೀಕ್ಷೆ ಹೊರಿಸಿದ್ದರಲ್ಲಿ. ಹದಿಹರೆಯದವರ ಲೈಂಗಿಕ ಆರೋಗ್ಯದಲ್ಲಿ ಯಾವುದು ಕೆಲಸ ಮಾಡುವುದಿಲ್ಲ ಎಂಬ ಬಗ್ಗೆ 2015ರಲ್ಲಿ ಪ್ರಕಟವಾದ ಅವಲೋಕನವೊಂದು ಯುವ ಕೇಂದ್ರಗಳನ್ನೂ ಪೀರ್ ಎಜುಕೇಶನ್ನನ್ನೂ ಆ ಪಟ್ಟಿಗೇ ಸೇರಿಸಿತು. ಗೆಳೆಯರಿಂದ ತಿಳಿವಳಿಕೆ ಹರಡುತ್ತದೆ, ನಡವಳಿಕೆ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಹೆಚ್ಚು ಲಾಭವಾಗುವುದು ತರಬೇತಿ ಪಡೆದವರಿಗೇ.

ಹಾಗೆಂದು ಅವರನ್ನು ಬಿಡಬೇಕಿಲ್ಲ, ಕೆಲಸ ಬದಲಿಸಬೇಕು. ಪಾಠ ಮಾಡುವ ಬದಲು ಜೊತೆಗೆ ಕರೆದುಕೊಂಡು ಬರುವುದು ಅವರ ಕೆಲಸವಾಗಲಿ: ಗೆಳತಿಯನ್ನು ನರ್ಸ್ ಹತ್ತಿರ, ಗೆಳೆಯನನ್ನು ಕೌನ್ಸೆಲರ್ ಹತ್ತಿರ. ಆ ನರ್ಸ್‌ಗೂ ತರಬೇತಿಯಾಗಿದ್ದು, ಅವರು ಹೇಳಿದ ಹೊತ್ತಿಗೆ ಸಿಗುವಂತಿದ್ದರೆ ಮಾತ್ರ ಇದು ನಡೆಯುತ್ತದೆ. 60 ಮಂದಿಯ ಬದಲು 20 ಮಂದಿ ಸಾಕು. ಹತ್ತು ಮಂದಿಗೆ ಒಬ್ಬರು ಮಾರ್ಗದರ್ಶಕರು, ತಿಂಗಳಿಗೆರಡು ಸಲ ಭೇಟಿ, ಮೂರು ತಿಂಗಳಿಗೊಮ್ಮೆ ಅರ್ಧ ದಿನದ ಮರುತರಬೇತಿ. ಮೂರು ದಿನ ಕಲಿಸಿ ವರ್ಷವಿಡೀ ಬಿಟ್ಟುಬಿಟ್ಟರೆ ಅವರು ತಪ್ಪು ಮಾಹಿತಿಯನ್ನೂ ಅಷ್ಟೇ ವಿಶ್ವಾಸದಿಂದ ಹಂಚುತ್ತಾರೆ. ಅದು ಅವರ ದೋಷವಲ್ಲ.

ಅಳೆಯುವಾಗ "ಎಷ್ಟು ಮಂದಿಗೆ ತಿಳಿಸಿದರು" ಎಂದು ಎಣಿಸಬೇಡಿ, ಎಣಿಸಿದರೆ ಆ ಸಂಖ್ಯೆ ತಾನಾಗಿ ಬೆಳೆಯುತ್ತದೆ. ಎಷ್ಟು ಮಂದಿ ಸೇವೆಯವರೆಗೆ ಬಂದರು, ಎಷ್ಟು ಮಂದಿ ಎರಡನೆಯ ಸಲವೂ ಬಂದರು, ಯುವ ಗುಂಪಿನ ಎಷ್ಟು ಠರಾವು ಜಾರಿಯಾದವು, ವರ್ಷದಲ್ಲಿ ಎಷ್ಟು ಸದಸ್ಯರು ಬಿಟ್ಟುಹೋದರು ಮತ್ತು ಯಾಕೆ, ಈ ನಾಲ್ಕನ್ನು ನೋಡಿ.

ಪ್ರಶ್ನೆ: ಒಳ್ಳೆಯ ಮುಂದಾಳುಗಳು 20ಕ್ಕೆ ಕಾಲಿಟ್ಟ ಕೂಡಲೇ ಗುಂಪು ಕುಸಿಯುತ್ತದೆ. ಅವರನ್ನೇ ಮುಂದುವರಿಸಬಹುದೇ?
– ಯುವ ಸಂಘದ ಮಾರ್ಗದರ್ಶಕರು

ಸದಸ್ಯರಾಗಿ ಬೇಡ. 22ರವರು 13ರವರ ಪರವಾಗಿ ಮಾತಾಡತೊಡಗಿದರೆ ಹಿರಿಯರು ಮಾಡುತ್ತಿದ್ದ ತಪ್ಪೇ ಮರುಕಳಿಸುತ್ತದೆ. ಅವಧಿ 18 ತಿಂಗಳಿರಲಿ. 12 ಜನರ ಗುಂಪಿನಲ್ಲಿ ಪ್ರತಿ ಆರು ತಿಂಗಳಿಗೆ ನಾಲ್ವರು ಇಳಿದು ನಾಲ್ವರು ಬರಲಿ. ಮೊದಲ ತಂಡದಲ್ಲಿ ಯಾರಿಗೆ 6, ಯಾರಿಗೆ 12, ಯಾರಿಗೆ 18 ತಿಂಗಳು ಎಂದು ಚೀಟಿ ಎತ್ತಿದರೆ ಈ ಸರದಿ ತಾನಾಗಿ ಕೂಡಿಬರುತ್ತದೆ. ಇಳಿಯುವವರು ಕೊನೆಯ ಎರಡು ತಿಂಗಳು ಹೊಸಬರೊಬ್ಬರ ಜೊತೆ ಜೋಡಿಯಾಗಿ ಕೆಲಸ ಮಾಡಲಿ. ಆಮೇಲೆ ಬೇಕೆಂದರೆ ಸಂಬಳದ ಸಹಾಯಕ ಹುದ್ದೆಗೋ ಮಾರ್ಗದರ್ಶಕರ ಜಾಗಕ್ಕೋ ಬರಬಹುದು, ಮತ ಮಾತ್ರ ಇರುವುದಿಲ್ಲ. ಹಸ್ತಾಂತರಕ್ಕೆ ಒಂದು ಕಡತ ಸಿದ್ಧವಿರಲಿ: ನಡಾವಳಿ ಪುಸ್ತಕ, ಅನುಪಾಲನಾ ವರದಿಗಳು, ಖರ್ಚಿನ ಲೆಕ್ಕ, ತುರ್ತಿಗೆ ಕರೆಯಬೇಕಾದ ಹೆಸರುಗಳು, ಗುಂಪಿನ ಫೋನ್ ಖಾತೆಯ ಪಾಸ್‌ವರ್ಡ್. ಕೊನೆಯದನ್ನು ಹಸ್ತಾಂತರದ ದಿನವೇ ಬದಲಾಯಿಸಿ, ಯಾಕೆಂದರೆ ಗೆಳೆಯರು ನಂಬಿ ಕಳಿಸಿದ ಮಾತುಗಳೆಲ್ಲ ಅದರೊಳಗಿರುತ್ತವೆ.